ಮಾಗಡಿ ರಸ್ತೆಯಲ್ಲಿ ಲೋಹದ ದರ

ಕಾಮಾಕ್ಷಿಪಾಳ್ಯದಲ್ಲಿ ಬಸ್ಸಿಳಿದು ಮಾಗಡಿ ರಸ್ತೆಯಿಂದ ಯಾವುದಾದರೂ ಅಡ್ಡರಸ್ತೆಗೆ ಹೊಕ್ಕರೆ ಮೊದಲು ಎದುರಾಗುವುದು ಸದ್ದು. ಪವರ್ ಪ್ರೆಸ್ಸು ಬಿದ್ದಾಗೆಲ್ಲ ಕಾಲಡಿಯ ಚಪ್ಪಡಿ ಅದುರುತ್ತದೆ. ಎರಡು ಪೆಟ್ಟಿನ ನಡುವಿನ ಬಿಡುವಿನಲ್ಲಿ ಗ್ರೈಂಡರಿನ ಕಿರುಚಾಟ, ಕಂಪ್ರೆಸರಿನ ಏದುಸಿರು, ಟೆಂಪೊದಿಂದ ರಾಡು ಇಳಿಸುವ ಹಮಾಲಿಗಳ ಕೂಗು. ಆಮೇಲೆ ವಾಸನೆ. ಬಿಸಿ ಕಬ್ಬಿಣದ ಮೇಲೆ ಸುರಿದ ಕೂಲಂಟ್, ಸುಟ್ಟ ಎಣ್ಣೆ, ಮೂಲೆಯ ಪ್ಲೇಟಿಂಗ್ ಶೆಡ್ಡಿನ ಆಸಿಡ್ ಘಾಟು, ಅದರ ಮಧ್ಯೆಯೇ ಎದುರು ಮನೆಯ ಒಗ್ಗರಣೆ. ಇಲ್ಲಿ ಕೆಳಗೆ ಶೆಡ್ಡು, ಮೇಲೆ ಸಂಸಾರ. ಬಟ್ಟೆ ಒಣಹಾಕಿದ ತಂತಿಯ ಕೆಳಗೇ ಉದ್ದುದ್ದ ರಾಡುಗಳು ಗೋಡೆಗೊರಗಿ ನಿಂತಿರುತ್ತವೆ. ಸ್ಕೂಲಿಗೆ ಹೊರಟ ಮಕ್ಕಳು ಅವುಗಳನ್ನು ದಾಟಿಕೊಂಡು ಹೋಗುತ್ತಾರೆ.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಸುಂಕದಕಟ್ಟೆ, ಹೆಗ್ಗನಹಳ್ಳಿ, ಲಗ್ಗೆರೆಯವರೆಗೆ, ಆ ಕಡೆ ಕೆಂಗೇರಿ ದಾಟಿ ಕುಂಬಳಗೋಡಿನವರೆಗೆ, ಬೆಂಗಳೂರಿನ ಪಶ್ಚಿಮ ಭಾಗ ಹೀಗೆಯೇ ಲೋಹ ಕೊರೆಯುತ್ತ, ಬಗ್ಗಿಸುತ್ತ, ಬೆಸೆಯುತ್ತ ಬದುಕಿದೆ. ಸಾಫ್ಟ್‌ವೇರಿನ ಊರು ಎಂದು ಹೊರಗಿನವರು ಹೊಗಳುವ ಬೆಂಗಳೂರಿಗೆ ಇಂಥದೊಂದು ಮೈ ಇದೆ ಎಂಬುದು ಇಲ್ಲಿಯವರಿಗೇ ಎಷ್ಟೋ ಸಲ ಮರೆತುಹೋಗುತ್ತದೆ.

ಒಂದು ಶೆಡ್ಡಿನ ಒಳಗೆ ಹೋಗೋಣ. ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದ. ಮೂರು ಲೇತು, ಒಂದು ಮಿಲ್ಲಿಂಗ್, ಎರಡು ಡ್ರಿಲ್ಲಿಂಗ್ ಮೆಷಿನ್ನು. ಬ್ಯಾಂಕಿನ ಸಾಲದಲ್ಲಿ ತಂದ ಸಿಎನ್‌ಸಿ ಒಂದು, ಅದಕ್ಕೆ ಮಾತ್ರ ಗಾಜಿನ ಬಾಗಿಲು. ಟರ್ನರ್ ರಾಡನ್ನು ಚಕ್ಕಿಗೆ ಕಚ್ಚಿಸಿ ಟೂಲು ಮುಟ್ಟಿಸುತ್ತಾರೆ. ಉಕ್ಕಾದರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಬೆಳ್ಳಗೆ ಹೊರಟದ್ದು ಗಾಳಿಗೆ ಬಂದ ಕ್ಷಣವೇ ಬಿಸಿಗೆ ಹೊಂಬಣ್ಣವಾಗಿ, ನೇರಳೆಯಾಗಿ, ಕೊನೆಗೆ ನೀಲಿಯಾಗುತ್ತದೆ. ಕೈ ಹಾಕಿದರೆ ಬೆರಳು ಸೀಳುವಷ್ಟು ಚೂಪು. ಹಿತ್ತಾಳೆ ಹಾಗಲ್ಲ. ಅದಕ್ಕೆ ಸೀಸ ಬೆರೆಸಿರುವುದರಿಂದ ಸುರುಳಿಯಾಗದೆ ಬಾಂಬೆ ರವೆಯ ಹಾಗೆ ಪುಡಿಪುಡಿಯಾಗಿ ಉದುರುತ್ತದೆ. ಲೇತಿನ ಸುತ್ತ ನೆಲವೆಲ್ಲ ಚಿನ್ನದ ಬಣ್ಣ. ಸಂಜೆ ಆ ಪುಡಿಯನ್ನು ಒಂದು ಹರಳೂ ಬಿಡದಂತೆ ಗುಡಿಸಿ ಚೀಲಕ್ಕೆ ತುಂಬುತ್ತಾರೆ. ಉಕ್ಕಿನ ಚೂರು ಬೆರೆತರೆ ಗುಜರಿಯವನು ರೇಟು ಇಳಿಸುತ್ತಾನೆ ಎಂದು ಮೊದಲು ಅಯಸ್ಕಾಂತ ಆಡಿಸುತ್ತಾರೆ. ಟರ್ನರ್ ಅವರ ಅಂಗಿಯ ಜೇಬಿನಲ್ಲಿ, ಚಪ್ಪಲಿಯ ಅಂಚಿನಲ್ಲಿ, ರಾತ್ರಿ ಮನೆಯಲ್ಲಿ ಮಗು ಎತ್ತಿಕೊಂಡಾಗ ಅದರ ಫ್ರಾಕಿನ ಮೇಲೆ ಕೂಡ ಆ ಹರಳು ಹೊಳೆಯುವುದುಂಟು.

ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಲೆಕ್ಕಗಳಿವೆ. ಈ ಬೀದಿಯಲ್ಲಿ ಐಟಿಐ ಓದಿದವರಿಗೂ ಓದದವರಿಗೂ ಬಾಯಿಪಾಠವಾಗಿರುವ ಒಂದು ಸೂತ್ರವಿದೆ: ದುಂಡು ರಾಡಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಉಕ್ಕಿನ ತೂಕ ಕಿಲೋದಲ್ಲಿ ಬರುತ್ತದೆ. 25 ಮಿ.ಮೀ. ರಾಡಾದರೆ 625 ಭಾಗಿಸು 162, ಹತ್ತಿರ ಹತ್ತಿರ 3 ಕಿಲೋ 860 ಗ್ರಾಂ. ಹಿತ್ತಾಳೆಗೆ 150, ತಾಮ್ರಕ್ಕೆ 142. ಲೋಹ ಎಷ್ಟು ಭಾರವೋ ಭಾಗಿಸುವ ಸಂಖ್ಯೆ ಅಷ್ಟು ಸಣ್ಣದು. ತಯಾರಾದ ಸಾಮಾನು ಪೀಸಿನ ಲೆಕ್ಕದಲ್ಲಿ ಹೋಗುತ್ತದೆ, ಲೋಹ ಕಿಲೋ ಲೆಕ್ಕದಲ್ಲಿ ಬರುತ್ತದೆ. ಈ ಬೀದಿಯ ಲಾಭನಷ್ಟವೆಲ್ಲ ಇರುವುದು ಪೀಸಿಗೂ ಕಿಲೋಗೂ ನಡುವಿನ ಆ ಸಂದಿನಲ್ಲಿ.

ಬೆಳಿಗ್ಗೆ ಹತ್ತಕ್ಕೆ ಯಜಮಾನರ ಫೋನಿಗೆ ರಾಡಿನ ವ್ಯಾಪಾರಿಯಿಂದ ರೇಟು ಬರುತ್ತದೆ. ಎಂಎಸ್ ಉಕ್ಕು ಇಷ್ಟು, ಇಎನ್8 ಉಕ್ಕು ಇಷ್ಟು, ಹಿತ್ತಾಳೆ ಇಷ್ಟು, ಕೆಳಗೆ ಜಿಎಸ್‌ಟಿ ಬೇರೆ. "ಸಾರ್, ಈ ರೇಟು ಸಂಜೆ ತನಕ ಮಾತ್ರ. ನಾಳೆಗೆ ಗ್ಯಾರಂಟಿ ಇಲ್ಲ," ಎಂದು ಅವರು ಹೇಳುವುದು ಜಂಬದಿಂದಲ್ಲ. ಅವರ ಕೈಯಲ್ಲೂ ಏನಿಲ್ಲ. ತಾಮ್ರ, ಸತು, ಅಲ್ಯೂಮಿನಿಯಂ, ನಿಕ್ಕಲ್‌ಗಳ ದರ ಗೊತ್ತಾಗುವುದು 1877ರಲ್ಲಿ ಹುಟ್ಟಿದ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ. ಅಲ್ಲಿ ನಡುಮಧ್ಯಾಹ್ನ ನಿಗದಿಯಾಗುವ ದರ ಇಲ್ಲಿಗೆ ಮುಟ್ಟುವಾಗ ಸಂಜೆಯ ದೀಪ ಹಚ್ಚುವ ಹೊತ್ತು. ಮುಂಬೈಯ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ರಾತ್ರಿ ಹನ್ನೊಂದೂವರೆಯ ತನಕವಾದರೂ ತೆರೆದಿರುತ್ತದೆ. ಲಂಡನ್ನಿನ ಡಾಲರ್ ದರವನ್ನು ರೂಪಾಯಿಗೆ ತಿರುಗಿಸಿದಾಗ ಇನ್ನೊಂದು ಪೆಟ್ಟು: 2025ರ ಡಿಸೆಂಬರಿನಲ್ಲಿ ಡಾಲರ್ 90 ರೂಪಾಯಿ ದಾಟಿತು. ಅದೇ ತಿಂಗಳು ಲಂಡನ್ನಿನಲ್ಲಿ ತಾಮ್ರ ಟನ್ನಿಗೆ 12,000 ಡಾಲರ್ ದಾಟಿತು. ಊಟ ಮುಗಿಸಿ ಮಲಗುವ ಮುಂಚೆ ಫೋನಿನಲ್ಲಿ ತಾಮ್ರದ ಗೆರೆ ಎತ್ತ ಹೋಯಿತೆಂದು ನೋಡುವ ಅಭ್ಯಾಸ ಬಸವೇಶ್ವರನಗರದ ಎಷ್ಟೋ ಯಜಮಾನರ ಮನೆಗಳಲ್ಲಿ ಈಗ ಬೇರೂರಿದೆ.

ಲೆಕ್ಕಕ್ಕೆಂದು ಒಂದು ಆರ್ಡರ್ ಹಿಡಿಯೋಣ. ಐದು ಸಾವಿರ ಹಿತ್ತಾಳೆ ನಟ್ಟು. ಒಂದಕ್ಕೆ 60 ಗ್ರಾಂ ರಾಡು ಬೇಕು, ತಯಾರಾದ ಮೇಲೆ ಉಳಿಯುವುದು 35 ಗ್ರಾಂ. ಅಂದರೆ 300 ಕಿಲೋ ರಾಡು ತಂದರೆ 175 ಕಿಲೋ ಕೊಳ್ಳುವ ಪಾರ್ಟಿಗೆ ಹೋಗುತ್ತದೆ, 125 ಕಿಲೋ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಖರ್ಚೆಲ್ಲ ಕಳೆದು ಪೀಸಿಗೆ ಮೂರು ರೂಪಾಯಿಯಂತೆ 15,000 ಸಿಗಬಹುದೆಂದು ಕೊಟೇಷನ್ ಕಳಿಸಿದ್ದಾಯಿತು. ಪಾರ್ಟಿ ಒಪ್ಪಿ ಪಿಓ, ಅಂದರೆ ಖರೀದಿಯ ಆದೇಶ, ಕೊಡುವಾಗ ತಿಂಗಳು ಕಳೆದಿದೆ, ಹಿತ್ತಾಳೆ ಕಿಲೋಗೆ 40 ರೂಪಾಯಿ ಏರಿದೆ. ರಾಡಿಗೇ 12,000 ಜಾಸ್ತಿ. ಪುಡಿಯ ಬೆಲೆಯೂ ಏರಿರುತ್ತದಲ್ಲ ಎನ್ನಬಹುದು. ಏರಿರುತ್ತದೆ, ಆದರೆ ರಾಡಿನಷ್ಟು ಏರುವುದಿಲ್ಲ. ಅಷ್ಟೇ ಏರಿತೆಂದುಕೊಂಡರೂ ಮರಳುವುದು 5,000. ಉಳಿದ 7,000 ಯಜಮಾನರ ಕೈಯಿಂದಲೇ ಹೋಗಬೇಕು. ಲಾಭದಲ್ಲಿ ಹೆಚ್ಚುಕಡಿಮೆ ಅರ್ಧ ಹೋಯಿತು. ಯಾರೂ ಮೋಸ ಮಾಡಲಿಲ್ಲ, ಒಂದು ಪೀಸೂ ಕೆಡಲಿಲ್ಲ, ಮೈಕ್ರೋಮೀಟರಿನಲ್ಲಿ ಅಳತೆ ಸರಿಯಾಗಿಯೇ ಇದೆ.

ಈ ಊರು ಹೀಗೆ ಲೋಹ ಹಿಡಿದು ನಿಂತದ್ದಕ್ಕೆ ಚರಿತ್ರೆಯಿದೆ. ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ 1949ರಲ್ಲಿ ಆರಂಭವಾದ ಬಡಾವಣೆ ರಾಜಾಜಿನಗರ. ಕಾರ್ಖಾನೆ ಮತ್ತು ಕಾರ್ಮಿಕರ ಉಪನಗರ ಆಗಬೇಕೆಂಬುದೇ ಅದರ ಕಲ್ಪನೆ. ಸಣ್ಣ ಕೈಗಾರಿಕೆಗಳಿಗೆ ಶೆಡ್ಡು ಕಟ್ಟಿಕೊಡುವ ಸರ್ಕಾರಿ ನಿಗಮ ಕೆಎಸ್‌ಎಸ್‌ಐಡಿಸಿ ಇರುವುದು ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಆರಂಭವಾದ ತರಬೇತಿ ಕೇಂದ್ರ ಜಿಟಿಟಿಸಿ, ಡೈ ಮತ್ತು ಟೂಲ್ ಕೆಲಸದಲ್ಲಿ ಪಳಗಿದ ಹುಡುಗರನ್ನು ಇಲ್ಲಿಂದಲೇ ನಾಡಿಗೆಲ್ಲ ಕಳಿಸಿತು. ದೊಡ್ಡ ಕಾರ್ಖಾನೆಗಳಲ್ಲಿ ಕೆಲಸ ಕಲಿತವರು ಹೊರಬಂದು ಒಂದು ಲೇತು ಹಾಕಿಕೊಂಡರು. ಆ ದೊಡ್ಡ ಕಾರ್ಖಾನೆಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆ ಇದ್ದ ನೆಲದಲ್ಲಿ ಇವತ್ತು ಒರಾಯನ್ ಮಾಲ್ ಮತ್ತು ವರ್ಲ್ಡ್ ಟ್ರೇಡ್ ಸೆಂಟರಿನ ಗೋಪುರ ನಿಂತಿವೆ. ಉಳಿದಿರುವುದು ಈ ಅಡ್ಡರಸ್ತೆಗಳು.

2025ರಲ್ಲಿ ಈ ಅಡ್ಡರಸ್ತೆಗಳಿಗೆ ಅಮೆರಿಕದ ಸುದ್ದಿ ಬಂದ ಬಗೆ ನೆನೆಸಿಕೊಂಡರೆ ಸಂಕಟವಾಗುತ್ತದೆ. ಮಾರ್ಚ್ 12ರಿಂದ ಉಕ್ಕು ಮತ್ತು ಅಲ್ಯೂಮಿನಿಯಂಗೆ ಅಲ್ಲಿ ಶೇ 25 ಸುಂಕ, ಜೂನ್ 4ರಿಂದ ಶೇ 50. ಆಗಸ್ಟ್ 1ರಿಂದ ತಾಮ್ರದ ಅರೆಸಿದ್ಧ ವಸ್ತುಗಳಿಗೂ ಶೇ 50. ಆಗಸ್ಟ್ 18ಕ್ಕೆ ಉಕ್ಕು, ಅಲ್ಯೂಮಿನಿಯಂ ಇರುವ ಇನ್ನೂ 407 ಬಗೆಯ ಸರಕುಗಳು ಪಟ್ಟಿ ಸೇರಿದವು. ಆಗಸ್ಟ್ 27ರಿಂದ, ರಷ್ಯಾದ ಎಣ್ಣೆ ಕೊಂಡದ್ದಕ್ಕೆಂದು ಹೇರಿದ ಹೆಚ್ಚುವರಿ ಸೇರಿ, ಭಾರತದ ಬಹಳಷ್ಟು ಇತರ ಸರಕುಗಳ ಮೇಲೂ ಶೇ 50. ಹೆಗ್ಗನಹಳ್ಳಿಯ ಶೆಡ್ಡು ನೇರವಾಗಿ ಅಮೆರಿಕಕ್ಕೆ ಏನನ್ನೂ ಕಳಿಸುವುದಿಲ್ಲ. ಅದು ಪೀಣ್ಯದ ಒಂದು ಕಂಪನಿಗೆ ಬುಷ್ ಮಾಡಿಕೊಡುತ್ತದೆ, ಆ ಕಂಪನಿ ಅದನ್ನು ಪಂಪಿಗೋ ವಾಲ್ವಿಗೋ ಜೋಡಿಸಿ ಹಡಗಿಗೆ ಹಾಕುತ್ತದೆ. ಆದ್ದರಿಂದ ಆರ್ಡರ್ ಕ್ಯಾನ್ಸಲ್ ಎಂದು ಯಾರೂ ಹೇಳಲಿಲ್ಲ. "ಹೋಲ್ಡ್‌ನಲ್ಲಿಡಿ" ಎಂದರು, ಅಷ್ಟೆ. ರಾಡು ತಂದಾಗಿದೆ, ಅರ್ಧ ಪೀಸು ತಯಾರಾಗಿದೆ, ಅದಕ್ಕೆಂದೇ ಜಿಗ್ ಮಾಡಿಸಿದ್ದೂ ಆಗಿದೆ. ಕ್ಯಾನ್ಸಲ್ ಆಗಿದ್ದರೆ ಜಗಳವಾಡಬಹುದಿತ್ತು. ಹೋಲ್ಡ್ ಎಂಬುದಕ್ಕೆ ತಾರೀಖಿಲ್ಲ, ಬಡ್ಡಿ ಮಾತ್ರ ಇದೆ.

ಜೊತೆಗೆ ಒಂದು ಫಾರ್ಮು ಬಂತು. ಆಗ ಅಮೆರಿಕದ ಸುಂಕ ಕಟ್ಟಬೇಕಿದ್ದದ್ದು ಸಾಮಾನಿನೊಳಗಿನ ಲೋಹದ ಬೆಲೆಯ ಮೇಲೆ. ಹಾಗಾಗಿ ಅಲ್ಲಿನ ಕೊಳ್ಳುವವರು ಪೀಣ್ಯದವರನ್ನು ಕೇಳಿದರು, ಪೀಣ್ಯದವರು ಇವರನ್ನು: ಈ ಬಿಡಿಭಾಗದಲ್ಲಿ ಉಕ್ಕೆಷ್ಟು ಗ್ರಾಂ, ಅಲ್ಯೂಮಿನಿಯಂ ಎಷ್ಟು, ತಾಮ್ರ ಎಷ್ಟು, ಒಂದೊಂದರ ಬೆಲೆ ಎಷ್ಟು? ಆ ಉಕ್ಕನ್ನು ಕರಗಿಸಿ ಎರಕ ಹೊಯ್ದದ್ದು ಯಾವ ದೇಶದಲ್ಲಿ? ಸಣ್ಣ ಶೆಡ್ಡಿಗೆ ರಾಡು ಬರುವುದು ವ್ಯಾಪಾರಿಯ ಗೋಡೌನಿನಿಂದ ತುಂಡು ಮಾಡಿಸಿಕೊಂಡು. ತುದಿಗೆ ಬಳಿದ ಬಣ್ಣ ನೋಡಿ ಗ್ರೇಡು ಗುರುತಿಸುತ್ತಾರೆ. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟು ಕೇಳಿದರೆ ವ್ಯಾಪಾರಿ ಒಂದು ಜೆರಾಕ್ಸ್ ಕೊಡುತ್ತಾರೆ. ಅದು ಇದೇ ರಾಡಿನದೆಂದು ಪ್ರಮಾಣ ಮಾಡುವವರು ಯಾರು? ನಲವತ್ತು ವರ್ಷ ಲೇತಿನ ಮುಂದೆ ನಿಂತ, ಒಂದು ಕೂದಲೆಳೆಯ ವ್ಯತ್ಯಾಸವನ್ನು ಬೆರಳಿನಲ್ಲೇ ಹೇಳಬಲ್ಲ ಕುಶಲಿಗರು ಆ ಫಾರ್ಮನ್ನು ಮಗಳ ಮುಂದಿಟ್ಟು, "ಇದೇನು ಕೇಳ್ತಾರೆ ನೋಡಮ್ಮ," ಎನ್ನಬೇಕಾಯಿತು.

ಪ್ರೆಸ್ ಶಾಪಿನ ಕಷ್ಟ ಬೇರೆ ದಿಕ್ಕಿನದು. ಇಲ್ಲಿ ರಾಡಲ್ಲ, ತಗಡು. ಚೀನಾದಂಥ ದೇಶಗಳ ಅಗ್ಗದ ಉಕ್ಕು ನುಗ್ಗುತ್ತಿದೆಯೆಂದು ಕೇಂದ್ರ ಸರ್ಕಾರ 2025ರ ಏಪ್ರಿಲ್ 21ರಂದು ಚಪ್ಪಟೆ ಉಕ್ಕಿನ ಆಮದಿಗೆ 200 ದಿನಗಳ ಮಟ್ಟಿಗೆ ಶೇ 12 ರಕ್ಷಣಾ ಸುಂಕ ಹಾಕಿತು. ಹಾಟ್‌ರೋಲ್ಡ್ ಕಾಯಿಲ್ ಟನ್ನಿಗೆ 675 ಡಾಲರಿಗಿಂತ ಕಮ್ಮಿಗೆ ಬಂದರೆ ಸುಂಕ, ಅದಕ್ಕೆ ಅಥವಾ ಅದಕ್ಕಿಂತ ಹೆಚ್ಚಿಗೆ ಬಂದರೆ ಇಲ್ಲ. ದೊಡ್ಡ ಉಕ್ಕಿನ ಕಾರ್ಖಾನೆಗಳಿಗೆ ಇದರಿಂದ ಬಲ ಬಂದದ್ದು ನಿಜ, ಅಂಥವು ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲೂ ಇವೆ, ಅಲ್ಲೂ ಸಾವಿರಾರು ಜನ ದುಡಿಯುತ್ತಾರೆ. ಆದರೆ ತೋರಣಗಲ್ಲಿನಲ್ಲಿ ರಕ್ಷಣೆಯಾದದ್ದು ಕಾಮಾಕ್ಷಿಪಾಳ್ಯಕ್ಕೆ ಬರುವಾಗ ದುಬಾರಿ ತಗಡಾಗುತ್ತದೆ. ಬಾಗಿಲಿನ ಆ ಕಡೆ ಅಮೆರಿಕ ತನ್ನ ಉಕ್ಕು ಉಳಿಸಿಕೊಳ್ಳಲು ಸುಂಕ ಹಾಕುತ್ತದೆ, ಈ ಕಡೆ ಭಾರತ ತನ್ನ ಉಕ್ಕು ಉಳಿಸಿಕೊಳ್ಳಲು ಸುಂಕ ಹಾಕುತ್ತದೆ. ಆ ಸುಂಕ ಆರ್ಡರ್ ಕಿತ್ತುಕೊಂಡರೆ ಈ ಸುಂಕ ಕಚ್ಚಾಮಾಲಿನ ಬೆಲೆ ಏರಿಸುತ್ತದೆ. ಎರಡೂ ಬಂದು ಬೀಳುವುದು ಒಂದೇ ಶೆಡ್ಡಿನ ಮೇಲೆ. ಸರ್ಕಾರಕ್ಕೆ ಈ ಸಣ್ಣವರ ನೋವು ತಿಳಿಯದು ಎಂದಲ್ಲ. 2022ರ ಮೇ ತಿಂಗಳಲ್ಲಿ ಉಕ್ಕಿನ ದರ ಗಗನಕ್ಕೇರಿದ್ದಾಗ ಹಲವು ಉಕ್ಕಿನ ಸರಕುಗಳ ರಫ್ತಿಗೆ ಶೇ 15 ಸುಂಕ ಹಾಕಿ ದರ ಇಳಿಸಿತು. ನವೆಂಬರಿನಲ್ಲಿ ಅದನ್ನು ತೆಗೆಯಿತು. ಕೈಯಲ್ಲಿ ಮದ್ದಿದೆ. ಯಾರಿಗೆ ಮೊದಲು ಕೊಡುವುದು ಎಂಬ ಪ್ರಶ್ನೆಯಲ್ಲಿ ಈ ಬೀದಿ ಪ್ರತಿಸಲವೂ ಹಿಂದೆ ಬೀಳುತ್ತದೆ.

ಹೋಟೆಲುಗಳಿಗೆ ಇಡ್ಲಿ ಸ್ಟೀಮರು, ದೋಸೆ ಕಾವಲಿಯ ಸ್ಟ್ಯಾಂಡು, ಸಿಂಕು ಮಾಡಿಕೊಡುವ ಸ್ಟೀಲ್ ಫ್ಯಾಬ್ರಿಕೇಷನ್ನಿನವರ ಬಳಿ ಒಂದು ಪುಟ್ಟ ಸೀಸೆ ಇರುತ್ತದೆ. ತಗಡಿನ ಮೇಲೆ ಒಂದು ಹನಿ ಬಿಟ್ಟು ಬ್ಯಾಟರಿಯ ತಂತಿ ತಾಗಿಸುತ್ತಾರೆ. ಹನಿ ಕೆಂಪೇರಿದರೆ ಅದು ಅಗ್ಗದ 202 ಗ್ರೇಡಿನ ಸ್ಟೀಲು, ಏರದಿದ್ದರೆ 304. ಎರಡೂ ಒಂದೇ ಹಾಗೆ ಮಿನುಗುತ್ತವೆ. ಅಯಸ್ಕಾಂತ ಎರಡನ್ನೂ ಹಿಡಿಯುವುದಿಲ್ಲ. ವ್ಯತ್ಯಾಸವಿರುವುದು ನಿಕ್ಕಲ್‌ನಲ್ಲಿ; 304ರಲ್ಲಿ ಸುಮಾರು ಶೇ 8ರಷ್ಟು ಇರುತ್ತದೆ, 202ರಲ್ಲಿ ಅದರ ಬಹುಪಾಲು ಕೆಲಸವನ್ನು ಮ್ಯಾಂಗನೀಸ್ ಮಾಡುತ್ತದೆ. 2022ರ ಮಾರ್ಚ್ 8ರಂದು ಲಂಡನ್ನಿನಲ್ಲಿ ನಿಕ್ಕಲ್ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿತು. ಎಕ್ಸ್‌ಚೇಂಜು ವಹಿವಾಟು ನಿಲ್ಲಿಸಿ, ಆ ದಿನದ ವ್ಯಾಪಾರವನ್ನೇ ರದ್ದು ಮಾಡಿತು. ಲಂಡನ್ನಿನ ದೊಡ್ಡವರ ವ್ಯಾಪಾರ ರದ್ದಾಗಬಹುದು. ಇಲ್ಲಿ ಹೋಟೆಲಿನವರಿಗೆ ಒಪ್ಪಿಕೊಂಡ ಸ್ಟೀಮರನ್ನು ಹಾಗೆ ರದ್ದು ಮಾಡುವ ಹಾಗಿಲ್ಲ. ನಾಡಿದ್ದು ಅವರ ಓಪನಿಂಗು, ಕಾರ್ಡು ಹಂಚಿಯಾಗಿದೆ.

ಮೋಟರ್ ರಿವೈಂಡಿಂಗ್ ಅಂಗಡಿಗಳಲ್ಲಿ ನಾನು ಬಹಳ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಊರೂ ಹಳ್ಳಿಯೂ ಸೇರುವುದು ಅಲ್ಲಿ. ತಾವರೆಕೆರೆ, ಮಾಗಡಿ, ಕುಣಿಗಲ್ ಕಡೆಯ ರೈತರು ಸುಟ್ಟುಹೋದ ಬೋರ್‌ವೆಲ್ ಮೋಟರನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಬರುತ್ತಾರೆ. ಕರಕಲಾದ ಸುರುಳಿಯನ್ನು ಉಳಿಯಿಂದ ಕತ್ತರಿಸಿ ಕೀಳುತ್ತಾರೆ, ಹಳೇ ತಾಮ್ರ ತಕ್ಕಡಿಗೆ ಹೋಗುತ್ತದೆ, ಹೊಸ ತಂತಿ ಕಿಲೋ ಲೆಕ್ಕದಲ್ಲಿ ಬರುತ್ತದೆ. ವೈಂಡರ್ ಒಂದೊಂದು ಸ್ಲಾಟಿಗೂ ಸುತ್ತು ಎಣಿಸಿ ತಂತಿ ಕೂರಿಸುವಾಗ ತುಟಿ ಅಲ್ಲಾಡುತ್ತಿರುತ್ತದೆ, ಆಗ ಮಾತಾಡಿಸಬಾರದು. "ಹೋದ ಸಲಕ್ಕಿಂತ ಯಾಕಣ್ಣ ಇಷ್ಟು ಜಾಸ್ತಿ?" ಎಂದು ರೈತ ಕೇಳಿದರೆ, "ತಾಮ್ರ ಏರದೆ ಅಣ್ಣ, ನಾನೇನ್ ಮಾಡ್ಲಿ," ಎನ್ನುವುದೊಂದೇ ಉತ್ತರ.

ತಾಮ್ರ ಏರಿದ ಕತೆ ದೊಡ್ಡದು. ವರ್ಷಕ್ಕೆ ನಾಲ್ಕು ಲಕ್ಷ ಟನ್ ತಯಾರಿಸಬಲ್ಲ ತೂತುಕುಡಿಯ ಸ್ಟರ್ಲೈಟ್ ಕಾರ್ಖಾನೆಯ ಮಾಲಿನ್ಯದ ವಿರುದ್ಧ ಜನ ಬೀದಿಗಿಳಿದು, 2018ರ ಮೇ ತಿಂಗಳಲ್ಲಿ ಪೊಲೀಸರ ಗುಂಡಿಗೆ ಹದಿಮೂರು ಜನ ಸತ್ತರು; ಆ ತಿಂಗಳೇ ಕಾರ್ಖಾನೆ ಮುಚ್ಚಿತು. ಆ ಜನರ ಉಸಿರಿಗಿಂತ ತಾಮ್ರ ದೊಡ್ಡದೆಂದು ನಾನು ಹೇಳಲಾರೆ. ಆದರೆ ಅಲ್ಲಿಯ ತನಕ ತಾಮ್ರ ರಫ್ತು ಮಾಡುತ್ತಿದ್ದ ದೇಶ ಆಮದಿಗೆ ಇಳಿಯಿತು. 2025ರಲ್ಲಿ ಅಮೆರಿಕ ತಾಮ್ರಕ್ಕೆ ಸುಂಕ ಹಾಕುತ್ತದೆಂಬ ಸುಳಿವು ಸಿಕ್ಕಿದ್ದೇ ವ್ಯಾಪಾರಿಗಳು ಲೋಕದ ತಾಮ್ರವನ್ನೆಲ್ಲ ಅಲ್ಲಿಗೆ ಸಾಗಿಸತೊಡಗಿದರು. ಜುಲೈ ಕೊನೆಗೆ ಶುದ್ಧ ತಾಮ್ರಕ್ಕೆ ಸುಂಕವಿಲ್ಲ ಎಂದು ಗೊತ್ತಾದಾಗ ನ್ಯೂಯಾರ್ಕಿನ ದರ ಒಂದೇ ದಿನ ಶೇ 20ರಷ್ಟು ಕುಸಿಯಿತು. ಸೆಪ್ಟೆಂಬರಿನಲ್ಲಿ ಇಂಡೊನೇಷ್ಯಾದ ಗ್ರಾಸ್‌ಬರ್ಗ್ ಗಣಿಯೊಳಗೆ ಕೆಸರು ನುಗ್ಗಿ ಕಾರ್ಮಿಕರು ಸತ್ತರು, ಗಣಿ ನಿಂತಿತು, ದರ ಮತ್ತೆ ಮೇಲಕ್ಕೆ. ಕುಣಿಗಲ್ಲಿನ ರಾಗಿ ಹೊಲಕ್ಕೆ ನೀರು ಹರಿಯಬೇಕಾದರೆ ಇಷ್ಟೆಲ್ಲ ನೆಟ್ಟಗಿರಬೇಕು.

ಲೋಹದ ದರದ ಈ ಏರಿಳಿತ ನಮ್ಮ ನಾಡಿಗೆ ಹೊಸದೂ ಅಲ್ಲ. ಮೊದಲ ಮಹಾಯುದ್ಧದ ಕಾಲದ ಏರಿದ ಬೆಲೆಯನ್ನು ನಂಬಿ ಕಟ್ಟಲು ಹೊರಟ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ಇಳಿಯುವ ಹೊತ್ತಿಗೆ ಬೀಡುಕಬ್ಬಿಣದ ದರ ಬಿದ್ದುಹೋಗಿತ್ತು. ಅದನ್ನು ಎತ್ತಿ ನಿಲ್ಲಿಸಲು ವಿಶ್ವೇಶ್ವರಯ್ಯನವರೇ ಬರಬೇಕಾಯಿತು. ಆ ಕಾರ್ಖಾನೆಯ ಹಿಂದೆ ಮೈಸೂರು ಸರ್ಕಾರವಿತ್ತು. ಅಡ್ಡರಸ್ತೆಯ ಶೆಡ್ಡಿನ ಹಿಂದೆ ಇರುವುದು ಹೆಂಡತಿಯ ಒಡವೆ ಮತ್ತು ಬ್ಯಾಂಕಿನ ಓವರ್‌ಡ್ರಾಫ್ಟು.

ದೊಡ್ಡವರಿಗೆ ದರದ ಏರಿಳಿತ ತಟ್ಟದಂತೆ ಏರ್ಪಾಡುಗಳಿವೆ. ವಿದ್ಯುತ್ ಕಂಪನಿಗಳಿಗೆ ಟ್ರಾನ್ಸ್‌ಫಾರ್ಮರ್ ಮಾರುವ ಗುತ್ತಿಗೆಗಳಲ್ಲಿ ಬೆಲೆ ವ್ಯತ್ಯಾಸದ ಷರತ್ತು ಇರುವುದುಂಟು; ವಿದ್ಯುತ್ ಉಪಕರಣ ತಯಾರಕರ ಐಇಇಎಂಎ ಸಂಘ ತಿಂಗಳು ತಿಂಗಳು ಪ್ರಕಟಿಸುವ ತಾಮ್ರ, ಉಕ್ಕಿನ ದರಕ್ಕೆ ತಕ್ಕಂತೆ ಬಿಲ್ಲು ಏರುತ್ತದೆ, ಇಳಿಯುತ್ತದೆ. ಅದೇ ಟ್ರಾನ್ಸ್‌ಫಾರ್ಮರಿಗೆ ಬೋಲ್ಟು, ಬುಷ್, ಟರ್ಮಿನಲ್ ಮಾಡಿಕೊಡುವ ಲಗ್ಗೆರೆಯ ಶೆಡ್ಡಿಗೆ ಸಿಗುವುದು ಒಂದು ಪುಟದ ಪಿಓ, ವರ್ಷಪೂರ್ತಿ ಒಂದೇ ದರ. ಷರತ್ತು ಒಂದು ಮೆಟ್ಟಿಲು ಕೆಳಗೆ ಇಳಿಯದೆ ನಿಂತುಬಿಟ್ಟಿದೆ, ನಷ್ಟ ಮಾತ್ರ ಇಳಿದು ಬರುತ್ತದೆ. ಆ ಷರತ್ತನ್ನು ಇಲ್ಲಿಯ ತನಕ ಇಳಿಸುವುದು ಮೇಲಿನ ಪಾರ್ಟಿಗೆ ಕಷ್ಟದ ಕೆಲಸವೇನಲ್ಲ, ಪಿಓದಲ್ಲಿ ಎರಡು ಸಾಲು ಸೇರಿಸಿದರೆ ಆಯಿತು. ಹಣ ಕೈಸೇರುವ ವಿಷಯವೂ ಹಾಗೆಯೇ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ತಡ ಮಾಡಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆ ಲೆಕ್ಕಕ್ಕೆ ಸೇರದೆಂದು 2024ರಿಂದ ನಿಯಮ ಬಂದಿದೆ. ಅಡ್ಡರಸ್ತೆಯಲ್ಲಿ ಈ ನಿಯಮ ಹಿಡಿದು ಪಾರ್ಟಿಯ ಮೇಲೆ ದೂರು ಕೊಟ್ಟವರನ್ನು ಹುಡುಕಿದರೆ ಸಿಗುವುದು ಕಷ್ಟ. ಮುಂದಿನ ಆರ್ಡರ್ ಕೊಡುವವರೂ ಅವರೇ ಅಲ್ಲವೇ? ವಿಜಯನಗರದಲ್ಲಿ ಕಚೇರಿ ಇರುವ, 1949ರಿಂದ ಸಣ್ಣ ಕೈಗಾರಿಕೆಗಳ ಪರ ನಿಂತಿರುವ ಕಾಸಿಯಾದಂಥ ಸಂಘ ಒಟ್ಟಾಗಿ ಕೇಳಬೇಕಾದ ಮಾತು ಇದು, ಕೇಳಿದಷ್ಟೂ ಸಾಲದು.

ಆರ್ಡರ್ ತಗ್ಗಿದಾಗ ಮೊದಲು ನಿಲ್ಲುವುದು ಓವರ್‌ಟೈಮು. ಆಮೇಲೆ ರಾತ್ರಿ ಪಾಳಿ. ಡ್ರಿಲ್ಲಿಂಗ್ ಮೆಷಿನ್ನಿನ ಮುಂದೆ ಸ್ಟೂಲಿನಲ್ಲಿ ಕೂತು ದಿನಕ್ಕೆ ಸಾವಿರಾರು ಪೀಸಿಗೆ ತೂತು ಹಾಕುವ, ಫೈಲು ಹಿಡಿದು ಅಂಚಿನ ಬರ್ ತೆಗೆಯುವ ಹೆಣ್ಣುಮಕ್ಕಳಿಗೆ, "ಎರಡು ದಿನ ಬಿಟ್ಟು ಬನ್ನಿ ಅಕ್ಕ," ಎನ್ನುತ್ತಾರೆ. ಆಗಸ್ಟ್ 27ರ ಅಮೆರಿಕದ ಸುಂಕ ಜಾರಿಯಾದ ಐದೇ ವಾರಕ್ಕೆ, 2025ರ ಅಕ್ಟೋಬರ್ 1ಕ್ಕೆ ಆಯುಧಪೂಜೆ ಬಂತು. ಮೆಷಿನ್ನುಗಳಿಗೆ ಅರಿಶಿನ ಕುಂಕುಮ ಬಿತ್ತು, ಬಾಗಿಲಿಗೆ ಬೂದುಗುಂಬಳ ಒಡೆದರು, ಪುರಿ ಕಡಲೆ ಹಂಚಿದರು. ಆರ್ಡರ್ ಹೋಲ್ಡಿನಲ್ಲಿದ್ದರೂ ಹಬ್ಬದ ಬೋನಸ್ಸು ಕೊಡದಿರುವುದು ಹೇಗೆ? ಸಾಲ ಮಾಡಿಯಾದರೂ ಕೊಡುವ ಯಜಮಾನರು ಈ ಬೀದಿಯಲ್ಲಿ ಇದ್ದಾರೆ. ಒಳ್ಳೇ ಟರ್ನರ್ ಒಮ್ಮೆ ಕೈತಪ್ಪಿ ಡೆಲಿವರಿ ಬೈಕ್ ಹತ್ತಿದರೆ ಮತ್ತೆ ಲೇತಿಗೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು. ಹತ್ತು ವರ್ಷ ಕಲಿತ ಕೈ ಅದು. ಸುಂಕ ಇವತ್ತು ಏರಿ ನಾಳೆ ಇಳಿಯಬಹುದು, ಅಂಥ ಕೈ ಹಾಗೆ ತಿರುಗಿ ಬರುವುದಿಲ್ಲ.

ಸಂಜೆ ಆರೂವರೆಗೆ ಶಟರ್ ಅರ್ಧ ಇಳಿಯುತ್ತದೆ. ಹಿತ್ತಾಳೆ ಪುಡಿಯ ಚೀಲಗಳು ಕೈಗಾಡಿ ಏರಿ ಗುಜರಿಯ ತಕ್ಕಡಿಯತ್ತ ಹೊರಡಬೇಕು. ಗುಜರಿಯವರು ಇವತ್ತಿನ ರೇಟು ಫೋನಿನಲ್ಲಿ ಹೇಳುತ್ತಾರೆ. ಯಜಮಾನರು ನಿನ್ನೆಯದಕ್ಕೆ ಹೋಲಿಸಿ ನೋಡುತ್ತಾರೆ. ಲಂಡನ್ ಇನ್ನೂ ಮುಚ್ಚಿಲ್ಲ, ಮುಂಬೈ ಇನ್ನೂ ಐದು ಗಂಟೆ ಹೊತ್ತು ತೆರೆದಿರುತ್ತದೆ. ಶನಿವಾರ ಸಂಬಳ ಕೊಡಬೇಕು, ಕರೆಂಟು ಬಿಲ್ಲಿಗೆ ಕೊನೇ ದಿನ ಸೋಮವಾರ. ಚೀಲಕ್ಕೆ ಕೈ ಹಾಕಿದ್ದ ಹುಡುಗ, "ಎಲ್ಲ ಹಾಕ್ಲಾ ಸಾರ್?" ಎನ್ನುತ್ತಾನೆ.

"ಅರ್ಧ ಹಾಕು. ಅರ್ಧ ಇರ್ಲಿ."